ಟೊಮೆಟೊ ಎಲೆ ಕೆಳಗೆ ಬಾಗಿದೆ, ಹೂ ಉದುರ್ತಿದೆ. ಇದು ಎಥಿಲೀನ್ ಕೆಲಸವೇ? ತಡೆಯೋ ಮದ್ದು ಹೊಡೀಬೇಕಾ?

ಮೊದಲ ಗೊಂಚಲು

ಎಲ್ಲರಿಗೂ ನಮಸ್ಕಾರ. ಬೇಜಾರಲ್ಲಿ ಬರೀತಿದ್ದೀನಿ, ಉದ್ದ ಆದರೆ ಕ್ಷಮಿಸಿ.

400 ಟೊಮೆಟೊ ಗಿಡ ಇದೆ, ನಾಟಿ ಮಾಡಿ 45 ದಿನ. ಮೊದಲ ಗೊಂಚಲು ಅರಳಿ ಎರಡನೇದು ಮೊಗ್ಗು ಬಿಟ್ಟಿತ್ತು. ಅಷ್ಟರಲ್ಲಿ ಎರಡು ದಿನ ಬಿಡದೆ ಮಳೆ ಹೊಯ್ದು, ಸಾಲುಗಳ ಮಧ್ಯೆ ಹೆಚ್ಚುಕಮ್ಮಿ 40 ಗಂಟೆ ನೀರು ನಿಂತಿತು. ಬಸಿಗಾಲುವೆ ಒಂದು ಕಡೆ ಕುಸಿದು ಮುಚ್ಚಿಕೊಂಡಿದ್ದನ್ನ ನಾನು ಗಮನಿಸಿರಲಿಲ್ಲ. ಮೂರನೇ ದಿನ ಬೆಳಿಗ್ಗೆ ಹೋಗಿ ನೋಡಿದರೆ ಅಷ್ಟೂ ಗಿಡದ ಎಲೆ ಮಡಚಿದ ಕೊಡೆ ಹಾಗೆ ಕೆಳಗೆ ಬಾಗಿವೆ. ಬಿಸಿಲು ಚೆನ್ನಾಗಿ ಬಂದಿತ್ತು. ಬಾಡಿದೆ ಅಂದುಕೊಂಡು ಒಂದು ಗಂಟೆ ಡ್ರಿಪ್ ಬಿಟ್ಟೆ. ಮರುದಿನ ಇನ್ನೂ ಜಾಸ್ತಿ ಆಯಿತು. ಕೆಳಗಿನ ಎಲೆ ಹಳದಿಗೆ ತಿರುಗಿದವು, ಹೂ ಉದುರೋಕೆ ಶುರುವಾಯಿತು. ಹತ್ತು ಗಿಡದ ಬುಡದಲ್ಲಿ ಆರಿಸಿ ಎಣಿಸಿದರೆ 63 ಹೂ. ಒಂದನ್ನ ಅಂಗೈ ಮೇಲೆ ಇಟ್ಟು ನೋಡಿದೆ. ತೊಟ್ಟಿನ ಮಧ್ಯೆ ಒಂದು ಗಂಟು ಇರುತ್ತಲ್ಲ, ಸರಿಯಾಗಿ ಅಲ್ಲೇ ಬ್ಲೇಡಲ್ಲಿ ಕತ್ತರಿಸಿದ ಹಾಗೆ ಬಿಟ್ಟಿದೆ. ಹರಿದಿಲ್ಲ, ಕೊಳೆತಿಲ್ಲ.

ಪರಿಚಯದವರೊಬ್ಬರು ನೋಡಿ, "ಇದು ಒತ್ತಡದ ಎಥಿಲೀನ್, ಅದನ್ನ ತಡೆಯೋ ಮದ್ದು ಹೊಡಿ" ಅಂದರು. ಇನ್ನೊಬ್ಬರು ಬೇರಿಗೆ ಯಾವುದೋ ಬ್ಯಾಕ್ಟೀರಿಯಾ ಹಾಕು ಅಂತಾರೆ. ಎಥಿಲೀನ್ ಅಂದರೆ ಹಣ್ಣು ಮಾಗಿಸೋ ಗಾಳಿ ಅಂತ ಮಾತ್ರ ನನಗೆ ಗೊತ್ತು. ಅದಕ್ಕೂ ನೀರು ನಿಂತಿದ್ದಕ್ಕೂ ಏನು ಸಂಬಂಧ? ನೀರಲ್ಲೇ ನಿಂತ ಗಿಡ ಬಾಡೋದು ಯಾಕೆ? ಉಳಿದ ಹೂವನ್ನಾದರೂ ಉಳಿಸಿಕೊಳ್ಳೋಕೆ ಆಗುತ್ತಾ?

ಹಸಿರು ಬದು

ಎಥಿಲೀನ್ ಆಮೇಲೆ. ಮೊದಲು ಸೊರಗು ರೋಗ ಅಲ್ಲ ಅಂತ ಖಚಿತ ಮಾಡ್ಕೊಳ್ಳಿ. ನೀರು ನಿಂತ ಮೇಲೆ ಅದೂ ಬರುತ್ತೆ. ತೀರಾ ಕೆಟ್ಟಿರೋ ಒಂದು ಗಿಡ ಕಿತ್ತು, ಬುಡದ ಹತ್ತಿರ ಕಾಂಡ ಕತ್ತರಿಸಿ, ಆ ತುಂಡನ್ನ ಗಾಜಿನ ಲೋಟದ ತಿಳಿನೀರಲ್ಲಿ ಅಲ್ಲಾಡಿಸದೆ ಇಳಿಬಿಡಿ. ಕೆಲವು ನಿಮಿಷದಲ್ಲಿ ಹಾಲಿನಂಥ ಎಳೆ ಕೆಳಗೆ ಇಳಿದರೆ ಬ್ಯಾಕ್ಟೀರಿಯಾ ಸೊರಗು. ಕಾಂಡ ಉದ್ದಕ್ಕೆ ಸೀಳಿದಾಗ ಒಳಗೆ ಕಂದು ಗೆರೆ ಇದ್ದರೆ ಶಿಲೀಂಧ್ರದ್ದು ಇರಬಹುದು. ಎರಡೂ ಇಲ್ಲದಿದ್ದರೆ ಮುಂದಿನ ಮಾತು.

ಬೇರುನೋಟ

ಹಸಿರು ಬದು ಹೇಳಿದ ಪರೀಕ್ಷೆ ತಪ್ಪದೆ ಮಾಡಿ. ಜೊತೆಗೆ ಇನ್ನೊಂದು, ಇದಕ್ಕೆ ಬೆರಳು ಸಾಕು. ಬಾಗಿದ ಎಲೆಯನ್ನು ಮುಟ್ಟಿ ನೋಡಿ. ಬಾಡಿದ ಎಲೆ ಒದ್ದೆ ಬಟ್ಟೆಯ ಹಾಗೆ ಮೆತ್ತಗಿರುತ್ತದೆ, ಸಂಜೆ ತಂಪಿಗೆ ಮತ್ತೆ ಏಳುತ್ತದೆ. ನಿಮ್ಮ ಎಲೆ ಬಿಗಿಯಾಗಿದ್ದು, ತೊಟ್ಟನ್ನು ಮೇಲೆತ್ತಿ ಬಿಟ್ಟರೆ ಸ್ಪ್ರಿಂಗಿನಂತೆ ಮತ್ತೆ ಕೆಳಗೇ ಹೋದರೆ, ಅದು ಬಾಡಿದ್ದಲ್ಲ. ತೊಟ್ಟಿನ ಮೇಲ್ಭಾಗದ ಕೋಶಗಳು ಕೆಳಭಾಗದ ಕೋಶಗಳಿಗಿಂತ ಹೆಚ್ಚು ಉದ್ದ ಬೆಳೆದು ಎಲೆಯನ್ನು ಕೆಳಕ್ಕೆ ತಳ್ಳಿವೆ. ಅಂದರೆ ಅದು ಬೆಳವಣಿಗೆ, ನೀರಿನ ಕೊರತೆ ಅಲ್ಲ. ಅದಕ್ಕೆ ನೀರು ಕೊಟ್ಟರೆ ಎಲೆ ಏಳುವುದಿಲ್ಲ, ಬೇರಿಗೆ ಕಷ್ಟ ಹೆಚ್ಚಾಗುತ್ತದೆ. ನಿಮ್ಮಲ್ಲಿ ಆಗಿರುವುದು ಇದೇ ಅನಿಸುತ್ತದೆ.

ನಾನು ಹದಿನೆಂಟು ವರ್ಷ ಕುಂಡಗಳಲ್ಲಿ ಬೇರು ಬೆಳೆಸಿ, ತೊಳೆದು, ಅಳೆದು ನೋಡುವ ಕೆಲಸ ಮಾಡಿದವಳು. ಗಿಡದ ಮೇಲ್ಭಾಗ ಏನು ಹೇಳುತ್ತಿದೆ ಎಂಬುದು ಅರ್ಥವಾಗಬೇಕಾದರೆ ಬೇರಿನ ಕಡೆಯಿಂದ ಕಥೆ ಶುರು ಮಾಡಬೇಕು ಎಂದು ಆ ಕೆಲಸವೇ ನನಗೆ ಕಲಿಸಿತು.

ಎಥಿಲೀನ್ ಬಹಳ ಚಿಕ್ಕ ಅಣು. ಎರಡು ಇಂಗಾಲ, ನಾಲ್ಕು ಜಲಜನಕ, ಅಷ್ಟೇ. ಗಿಡ ಇದನ್ನು ತಾನೇ ತಯಾರಿಸಿಕೊಳ್ಳುತ್ತದೆ. ಮೆಥಿಯೋನಿನ್ ಎಂಬ ಅಮೈನೋ ಆಮ್ಲದಿಂದ ಶುರುವಾಗಿ ಕೊನೆಗೆ ಎಸಿಸಿ ಎಂಬ ವಸ್ತು ಬರುತ್ತದೆ. ಆ ಎಸಿಸಿ ಎಥಿಲೀನ್ ಆಗಬೇಕಾದರೆ ಆಮ್ಲಜನಕ ಬೇಕೇ ಬೇಕು. ಈ ಒಂದು ಮಾತು ನೆನಪಿಟ್ಟುಕೊಳ್ಳಿ, ನಿಮ್ಮ ಪ್ರಶ್ನೆಯ ಬೀಗದ ಕೈ ಅದೇ.

ಮಣ್ಣಿನ ರಂಧ್ರಗಳಲ್ಲಿ ನೀರು ತುಂಬಿದರೆ ಗಾಳಿಯ ಓಡಾಟ ನಿಂತಂತೆಯೇ. ನೀರಿನಲ್ಲಿ ಅನಿಲಗಳು ಹರಡುವುದು ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು 10,000 ಪಟ್ಟು ನಿಧಾನ. ಬೇರಿಗೆ ಉಸಿರುಗಟ್ಟುತ್ತದೆ. ಆ ಸಂಕಟದಲ್ಲಿ ಬೇರು ಎಸಿಸಿಯನ್ನು ರಾಶಿ ರಾಶಿ ಮಾಡುತ್ತದೆ, ಆದರೆ ಅದನ್ನು ಎಥಿಲೀನ್ ಮಾಡಲು ಅಲ್ಲಿ ಆಮ್ಲಜನಕ ಇಲ್ಲ. ಆಗ ಎಸಿಸಿ ಕಾಂಡದೊಳಗಿನ ನೀರಿನ ಕೊಳವೆಗಳ ಮೂಲಕ ಮೇಲಕ್ಕೆ ಏರುತ್ತದೆ. ಎಲೆಯಲ್ಲಿ ಆಮ್ಲಜನಕ ಧಾರಾಳ. ಅಲ್ಲಿ ಮುಟ್ಟಿದ ಕೂಡಲೇ ಎಥಿಲೀನ್ ಆಗಿ ಬಿಡುಗಡೆಯಾಗುತ್ತದೆ, ಎಲೆ ಬಾಗುತ್ತದೆ. ಕೆಂಟ್ ಬ್ರಾಡ್‌ಫರ್ಡ್ ಮತ್ತು ಶಾಂಗ್ ಫಾ ಯಾಂಗ್ 1980ರಲ್ಲಿ ಇದನ್ನು ತೋರಿಸಿದ್ದು ಇದೇ ಟೊಮೆಟೊ ಗಿಡದಲ್ಲಿ, ಬೇರಿನಿಂದ ಏರುವ ರಸದಲ್ಲಿ ಎಸಿಸಿ ಅಳೆದು. ಕೆಳಗೆ ಮುಳುಗಿದವನು ಮೇಲಿನವನಿಗೆ ಚೀಟಿ ಕಳಿಸಿದ ಹಾಗೆ ಇದು. ಈ ಪ್ರಯೋಗದ ಬಗ್ಗೆ ಓದಿದಾಗಲೆಲ್ಲ ನನಗೆ ಈಗಲೂ ಖುಷಿಯಾಗುತ್ತದೆ.

ಹೂವಿನ ವಿಷಯ. ನೀವು ಅಂಗೈ ಮೇಲೆ ಇಟ್ಟುಕೊಂಡು ನೋಡಿದ ಆ ಗಂಟು, ಗಿಡ ಮೊದಲೇ ಸಿದ್ಧ ಮಾಡಿಟ್ಟ ಬಾಗಿಲು. ಹೂವಿನಿಂದ ಆಕ್ಸಿನ್ ಎಂಬ ಇನ್ನೊಂದು ಹಾರ್ಮೋನು ಆ ಗಂಟಿನ ಮೂಲಕ ಹರಿಯುತ್ತಿರುವವರೆಗೆ ಬಾಗಿಲು ಮುಚ್ಚಿರುತ್ತದೆ. ಹೂ ಸೊರಗಿ ಆಕ್ಸಿನ್ ಕಡಿಮೆಯಾಗಿ, ಅದೇ ಹೊತ್ತಿಗೆ ಎಥಿಲೀನ್ ಏರಿದರೆ, ಅಲ್ಲಿನ ಕೋಶಗಳು ತಮ್ಮನ್ನು ಹಿಡಿದಿಟ್ಟ ಅಂಟನ್ನು ತಾವೇ ಕರಗಿಸಿಕೊಳ್ಳುತ್ತವೆ. ಅದಕ್ಕೇ ಅಷ್ಟು ನುಣುಪಾಗಿ ಬಿಡುವುದು. ಇಷ್ಟು ಹೂವನ್ನು ಸಾಕಲಾರೆ ಎಂದು ಗಿಡ ಲೆಕ್ಕ ಹಾಕಿದೆ.

ಇಳುವರಿಗೆ ಪೆಟ್ಟು ಬೀಳುವುದೂ ಇಲ್ಲೇ. ಬೆಳವಣಿಗೆಯ ಹಂತದಲ್ಲಿ ಎರಡು ದಿನ ಎಥಿಲೀನ್ ಏರಿದರೆ ಗಿಡ ಸುಧಾರಿಸಿಕೊಳ್ಳುತ್ತದೆ. ಹೂ, ಹೀಚು, ಕಾಳು ಕಟ್ಟುವ ಹೊತ್ತಿನಲ್ಲಿ ಏರಿದರೆ ಉದುರಿದ್ದು ಉದುರಿತು.

ಮದ್ದಿನ ಬಗ್ಗೆ ಆಮೇಲೆ ಬರೆಯುತ್ತೇನೆ, ಮೊದಲು ಕಾಲುವೆ ಬಿಡಿಸಿ. ಡ್ರಿಪ್ ಪೂರ್ತಿ ನಿಲ್ಲಿಸಿ. ಸಾಲಿನ ಮೇಲ್ಪದರ ಕಾಲಿಗೆ ಅಂಟದಷ್ಟು ಆರಿದ ಮೇಲೆ ಬುಡ ಬಿಟ್ಟು ಪಕ್ಕದಲ್ಲಿ ಹಗುರವಾಗಿ ಮಣ್ಣು ಕೆದಕಿ. ಹೆಪ್ಪುಗಟ್ಟಿದ ಪದರ ಒಡೆದರೆ ಸಾಕು, ಆಳ ಬೇಡ. ಹಸಿ ಮಣ್ಣಿನಲ್ಲಿ ಓಡಾಡಬೇಡಿ.

ಮೊದಲ ಗೊಂಚಲು

ಲೋಟದ ಪರೀಕ್ಷೆ ಮಾಡಿದೆ, ಹಾಲೂ ಇಲ್ಲ, ಕಂದು ಗೆರೆಯೂ ಇಲ್ಲ. ಎಲೆ ಮುಟ್ಟಿದರೆ ನೀವು ಹೇಳಿದ ಹಾಗೇ ಬಿಗಿ. ಎತ್ತಿ ಬಿಟ್ಟೆ, ವಾಪಸ್ ಕೆಳಗೆ ಹೋಯ್ತು. ಇಷ್ಟು ವರ್ಷ ಇಂಥದ್ದನ್ನ ಬಾಡಿದೆ ಅಂತಲೇ ತಿಳಿದು ನೀರು ಕೊಟ್ಟಿದ್ದೀನಿ ಅನ್ನೋದು ಈಗ ಹೊಳೀತಿದೆ, ಮನಸ್ಸಿಗೆ ತುಂಬ ಕಷ್ಟ ಆಯ್ತು. ಕಾಲುವೆ ಬಿಡಿಸಿ ಆಯ್ತು. ಈಗ ಮದ್ದು ಹೇಳಿ. ತಡೆಯೋದು ಅಂತ ಇದೆಯಾ ಇಲ್ವಾ?

ಬೇರುನೋಟ

ಇದೆ, ಒಂದಲ್ಲ ಹಲವು. ಎವಿಜಿ ಎಂಬುದು ಗಿಡ ಎಸಿಸಿ ಮಾಡುವುದನ್ನೇ ನಿಲ್ಲಿಸುತ್ತದೆ, ಸೇಬಿನ ತೋಟಗಳಲ್ಲಿ ಕೊಯ್ಲಿಗೆ ಮುಂಚೆ ಹಣ್ಣು ಉದುರದಿರಲಿ ಎಂದು ಬಳಸುತ್ತಾರೆ. ಬೆಳ್ಳಿಯ ಅಯಾನು ಎಥಿಲೀನಿನ ಕೆಲಸ ತಡೆಯುತ್ತದೆ ಎಂದು 1976ರಲ್ಲೇ ಗೊತ್ತಾಯಿತು. ಅದು ಕತ್ತರಿಸಿದ ಹೂಗಳನ್ನು ಕಾಪಾಡಲು ಬಂದದ್ದು, ಭಾರಲೋಹ, ತಿನ್ನುವ ಬೆಳೆಗೆ ಖಂಡಿತ ಬೇಡ. ಮೂರನೆಯದು 1-ಎಂಸಿಪಿ. ಎಥಿಲೀನನ್ನು ಗುರುತಿಸಲು ಗಿಡದಲ್ಲಿ ಗ್ರಾಹಕ ಪ್ರೋಟೀನುಗಳಿವೆ. ಎಥಿಲೀನ್ ಬಂದು ಕೂರಬೇಕಾದ ಜಾಗದಲ್ಲಿ ಇದು ಮೊದಲೇ ಕೂತು ಜಾಗ ಬಿಡುವುದಿಲ್ಲ. ಮುಚ್ಚಿದ ಕೋಣೆಗಳಲ್ಲಿ ಹಣ್ಣಿನ ದಾಸ್ತಾನಿಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ.

ಆದರೆ ನಿಮ್ಮ ಗಿಡಕ್ಕೆ ಈಗ ಇವುಗಳಿಂದ ಪ್ರಯೋಜನ ಕಾಣೆ. ತಡೆಯುವ ಮದ್ದು ಎಥಿಲೀನ್ ಏರುವುದಕ್ಕೆ ಮುಂಚೆ ಹೋಗಿ ಕೂತಿರಬೇಕು. ತೊಟ್ಟಿನ ಅಂಟು ಕರಗಲು ಶುರುವಾದ ಮೇಲೆ ಮತ್ತೆ ಅಂಟಿಸುವ ಮದ್ದು ಯಾವುದೂ ಇಲ್ಲ. ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಎಥಿಲೀನ್ ನಿಮ್ಮ ಶತ್ರು ಅಲ್ಲ.

ಗಿಡಕ್ಕೆ ಎಥಿಲೀನ್ ಕೇಳಿಸದ ಹಾಗೆ ಮಾಡಿದರೆ ಏನಾಗುತ್ತದೆ ಎಂದು ನೋಡಿದವರಿದ್ದಾರೆ. ಅಂಥ ತಂಬಾಕಿನ ಗಿಡಗಳಿಗೆ, ಸಾಮಾನ್ಯ ತಂಬಾಕಿಗೆ ಏನೂ ಮಾಡದ ಮಣ್ಣಿನ ಪಿಥಿಯಂ ಎಂಬ ಶಿಲೀಂಧ್ರದಂಥ ಜೀವಿಯ ಜಾತಿಗಳೇ ಹತ್ತಿ ಬುಡ ಕೊಳೆಸಿದವು. 1998ರ ಕೆಲಸ ಅದು. ಮೊಳಕೆಯನ್ನು ನೋಡಿ. ಮಣ್ಣಿನೊಳಗೆ ತಲೆ ಕೊಕ್ಕೆಯಂತೆ ಬಗ್ಗಿಸಿ, ಕಾಂಡ ದಪ್ಪ ಮಾಡಿಕೊಂಡು ಬರುತ್ತದಲ್ಲ, ಎಳೆಯ ಕುಡಿಗೆ ಗಾಯವಾಗದಂತೆ ಆ ಕೊಕ್ಕೆ ಹಿಡಿದಿರುವುದೂ ಎಥಿಲೀನ್. ರಷ್ಯಾದ ನೆಲ್ಜುಬೊವ್ 1901ರಲ್ಲಿ ಇದನ್ನು ಮೊದಲು ಹಿಡಿದದ್ದೂ ಮೊಳಕೆಯಲ್ಲೇ. ಪ್ರಯೋಗಾಲಯದ ಕತ್ತಲಲ್ಲಿ ಬಟಾಣಿ ಸಸಿಗಳು ಮೇಲೆ ಹೋಗುವ ಬದಲು ಅಡ್ಡಡ್ಡ ಬೆಳೆಯುತ್ತಿದ್ದವು. ಹೊರಗಿನ ಗಾಳಿ ಕೊಟ್ಟಾಗ ನೆಟ್ಟಗಾದವು. ದೀಪಕ್ಕೆ ಉರಿಸುವ ಅನಿಲದಲ್ಲಿದ್ದ ಎಥಿಲೀನೇ ಕಾರಣ ಎಂದು ಅವರು ಕಂಡುಕೊಂಡರು.

ನಾನೇ ಕಣ್ಣಾರೆ ಕಂಡ ಒಂದು ರಾತ್ರಿಯ ಮಾತು ಹೇಳಬೇಕು. ನಾವು ಸಸಿ ಬೆಳೆಸುತ್ತಿದ್ದ ಗಾಜಿನ ಮನೆಯಲ್ಲಿ ಚಳಿಗೆ ಎಣ್ಣೆಯ ಹೀಟರ್ ಇತ್ತು. ಅದರ ಹೊಗೆಕೊಳವೆ ಬಿರುಕು ಬಿಟ್ಟಿದ್ದು ಯಾರಿಗೂ ತಿಳಿದಿರಲಿಲ್ಲ. ಬೆಳಿಗ್ಗೆ ಬಾಗಿಲು ತೆಗೆದರೆ ಟೊಮೆಟೊ ಸಸಿಗಳಷ್ಟೂ ಎಲೆ ಕೆಳಗೆ ಚಾಚಿ ನಿಂತಿವೆ. ಮಣ್ಣು ಹದವಾಗಿದೆ, ಬೇರು ಬೆಳ್ಳಗಿದೆ, ಮೂಗಿಗೆ ಯಾವ ವಾಸನೆಯೂ ಇಲ್ಲ. ಅರೆಬರೆ ಉರಿದ ಎಣ್ಣೆಯಿಂದ ಎಥಿಲೀನ್ ಬರುತ್ತದೆ. ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಒಂದು ಪಾಲಿನ ಹತ್ತನೇ ಭಾಗ ಇದ್ದರೂ ಗಿಡಕ್ಕೆ ಗೊತ್ತಾಗುತ್ತದೆ, ನಮ್ಮ ಮೂಗಿಗೆ ಗೊತ್ತಾಗುವುದಿಲ್ಲ. ಆ ಸಸಿಗಳು ಬಾಗದೆ ಇದ್ದಿದ್ದರೆ ಅದೇ ಹೊಗೆಯನ್ನು ನಾವು ವಾರಗಟ್ಟಲೆ ಉಸಿರಾಡುತ್ತಿದ್ದೆವು. ಅವತ್ತಿನಿಂದ ಬಾಗಿದ ಎಲೆ ಕಂಡರೆ ನನಗೆ ಮೊದಲು ಬರುವ ಯೋಚನೆ, ಇದು ಯಾವುದರ ಬಗ್ಗೆ ಹೇಳುತ್ತಿದೆ ಎಂಬುದು.

ಮಣ್ಣಿನ ಮಗಳು

ಬ್ಯಾಕ್ಟೀರಿಯಾ ವಿಷಯಕ್ಕೆ ಯಾರೂ ಬರಲಿಲ್ಲವಲ್ಲ. ನಾನು ಎರಡು ಬೆಳೆಯಲ್ಲಿ ಹಾಕಿ ನೋಡಿದ್ದೀನಿ. ಮೆಣಸಿನ ಸಸಿಗಳ ಬೇರನ್ನ ನಾಟಿಗೆ ಮುಂಚೆ ಅದ್ದಿ ನೆಟ್ಟಾಗ, ಆಮೇಲೆ ಬಂದ ಬಿಸಿಲಿಗೆ ಅದ್ದದ ಸಾಲಿಗಿಂತ ಚೆನ್ನಾಗಿ ತಡೆದುಕೊಂಡವು, ಬೇರೂ ಉದ್ದ ಇತ್ತು. ಇನ್ನೊಂದು ಸಲ ಬೆಳೆದ ಗಿಡಕ್ಕೆ, ಕಷ್ಟ ಬಂದ ಮೇಲೆ ಸುರಿದೆ. ಏನೂ ವ್ಯತ್ಯಾಸ ಕಾಣಲಿಲ್ಲ. ಯಾಕೆ ಹೀಗೆ ಅಂತ ಬೇರುನೋಟ ಅವರು ಹೇಳಿದರೆ ನನಗೂ ಗೊತ್ತಾಗುತ್ತೆ.

ಬೇರುನೋಟ

ನೀವು ಎರಡನ್ನೂ ಹೋಲಿಸಿ ನೋಡಿದ್ದೀರಿ, ಅದ್ದದ ಸಾಲು ಬಿಟ್ಟಿದ್ದೀರಿ. ಇಷ್ಟು ಮಾಡುವವರು ಕಡಿಮೆ, ಸಂತೋಷವಾಯಿತು.

ಕೆಲವು ಬ್ಯಾಕ್ಟೀರಿಯಾಗಳಲ್ಲಿ ಎಸಿಸಿ ಡಿಅಮಿನೇಸ್ ಎಂಬ ಕಿಣ್ವ ಇದೆ. ಜಪಾನಿನಲ್ಲಿ 1978ರಲ್ಲಿ ಸ್ಯೂಡೊಮೊನಾಸ್ ಗುಂಪಿನ ಒಂದು ಬ್ಯಾಕ್ಟೀರಿಯಾದಲ್ಲಿ ಮೊದಲು ಸಿಕ್ಕಿತು. ಬೇರಿನ ಮೈಗೆ ಅಂಟಿಕೊಂಡು ಬದುಕುವ ಇವು ಬೇರಿನಿಂದ ಹೊರಗೆ ಸೋರಿದ ಎಸಿಸಿಯನ್ನು ಅಮೋನಿಯಾ ಮತ್ತು ಇನ್ನೊಂದು ಆಮ್ಲವಾಗಿ ಒಡೆದು ತಿನ್ನುತ್ತವೆ. ಹೊರಗೆ ಕಡಿಮೆಯಾದಷ್ಟೂ ಒಳಗಿನದು ಸೋರುತ್ತದೆ, ಬೇರಿನಲ್ಲಿ ಎಥಿಲೀನ್ ಇಳಿಯುತ್ತದೆ, ಬೇರು ಉದ್ದವಾಗುತ್ತದೆ. ಬರ್ನಾರ್ಡ್ ಗ್ಲಿಕ್ ಮತ್ತು ಜೊತೆಗಾರರು 1998ರಲ್ಲಿ ಈ ವಿವರಣೆ ಕೊಟ್ಟರು.

ಇದರಲ್ಲಿ ಸೂಕ್ಷ್ಮ ಒಂದಿದೆ. ಕಷ್ಟ ಬಂದಾಗ ಗಿಡದಲ್ಲಿ ಎಥಿಲೀನ್ ಎರಡು ಸಲ ಏರುತ್ತದೆ ಎಂದು ಅವರು ವಿವರಿಸುತ್ತಾರೆ. ಮೊದಲನೆಯದು ಚಿಕ್ಕದು, ಕೆಲವೇ ಗಂಟೆಗಳಲ್ಲಿ, ಇದ್ದಬದ್ದ ಎಸಿಸಿಯಿಂದಲೇ. ಅದು ರಕ್ಷಣೆಯ ಜೀನ್‌ಗಳನ್ನು ಎಬ್ಬಿಸುವ ಕೂಗು, ಗಿಡಕ್ಕೆ ಬೇಕು. ಕಷ್ಟ ಹಾಗೇ ಮುಂದುವರಿದರೆ ಕೆಲವು ದಿನಗಳ ಮೇಲೆ ಎರಡನೆಯದು, ಬಹಳ ದೊಡ್ಡದು. ಎಲೆ ಹಳದಿಯಾಗುವುದು, ಉದುರುವುದು, ಮುಪ್ಪು, ಎಲ್ಲ ಇದರಿಂದ. ಬೇರಿನಲ್ಲಿ ಮೊದಲೇ ನೆಲೆಯೂರಿದ ಬ್ಯಾಕ್ಟೀರಿಯಾ ಈ ಎರಡನೆಯ ಅಲೆಯನ್ನು ತಗ್ಗಿಸುತ್ತದೆ, ಮೊದಲನೆಯದನ್ನು ಅಷ್ಟಾಗಿ ಮುಟ್ಟುವುದಿಲ್ಲ. ನಿಮ್ಮ ಮೆಣಸಿನ ಸಸಿಗಳಲ್ಲಿ ಅದು ಮನೆ ಮಾಡಿಕೊಂಡಿತ್ತು. ಎರಡನೇ ಸಲ ಅಲೆ ಬಂದ ಮೇಲೆ ಸುರಿದಿರಿ. ಮೊದಲೇ ಮಣ್ಣಿನಲ್ಲಿರುವ ಜೀವಿಗಳ ಜೊತೆ ಪೈಪೋಟಿ ಮಾಡಿ ಬೇರು ಹಿಡಿಯಲು ಅದಕ್ಕೆ ಸಮಯ ಸಿಗಲಿಲ್ಲ. ಆದ್ದರಿಂದ ಇದು ಸಸಿ ಹಂತದ ಕೆಲಸ. ಮೊದಲ ಗೊಂಚಲು ಅವರು ಮುಂದಿನ ನಾಟಿಯಲ್ಲಿ ನಾಲ್ಕು ಸಾಲು ಅದ್ದಿ, ನಾಲ್ಕು ಸಾಲು ಅದ್ದದೆ ನೆಟ್ಟು ನೋಡಲಿ.

ಕಾಳು ಕಟ್ಟು

ನಮ್ಮದು ಮೆಕ್ಕೆಜೋಳ, ನೀರು ನಿಲ್ಲುವ ಸಮಸ್ಯೆ ಇಲ್ಲ, ಬರದ್ದು ಇದೆ. ರೇಷ್ಮೆ ಎಳೆ ಬರುವ ಹೊತ್ತಿಗೆ ಒಣಗಿದರೆ ತೆನೆಯ ತುದಿ ಬೋಳು. ಇದಕ್ಕೂ ಎಥಿಲೀನಿಗೂ ನಂಟು ಇದೆಯೇ? ಇನ್ನೊಂದು, ಟ್ರ್ಯಾಕ್ಟರ್ ತಿರುಗುವ ಅಂಚಿನ ಸಾಲುಗಳಲ್ಲಿ ಗಿಡ ಯಾವಾಗಲೂ ಗಿಡ್ಡ. ಗೊಬ್ಬರ ಎಷ್ಟು ಕೊಟ್ಟರೂ ಅಷ್ಟೇ.

ಬೇರುನೋಟ

ಎರಡಕ್ಕೂ ನಂಟು ಇದೆ. ತೆನೆಯ ತುದಿಯ ಕಾಳು ಎಲ್ಲಕ್ಕಿಂತ ಕಡೆಗೆ ಹುಟ್ಟಿದ ಮಗು, ಕೊರತೆಯಾದಾಗ ಮೊದಲು ಕೈಬಿಡುವುದು ಅದನ್ನೇ. ಸಕ್ಕರೆ ಸಾಲದಿರುವುದು ಮುಖ್ಯ ಕಾರಣ, ಎಥಿಲೀನ್ ಆ ತೀರ್ಮಾನವನ್ನು ಬಿಗಿ ಮಾಡುತ್ತದೆ. ಮೆಕ್ಕೆಜೋಳದಲ್ಲಿ ಆರ್ಗೋಸ್8 ಎಂಬ ಜೀನ್ ಇದೆ, ಎಥಿಲೀನ್ ಗಿಡಕ್ಕೆ ಕೇಳಿಸುವುದನ್ನು ಅದು ತಗ್ಗಿಸುತ್ತದೆ. 2017ರಲ್ಲಿ ಪ್ರಕಟವಾದ ಹೊಲದ ಪ್ರಯೋಗಗಳಲ್ಲಿ, ಈ ಜೀನ್ ಹೆಚ್ಚು ಕೆಲಸ ಮಾಡುವಂತೆ ತಿದ್ದಿದ ಗಿಡಗಳು ಹೂ ಹಂತದ ಬರದಲ್ಲಿ ಎಕರೆಗೆ 5 ಬುಷೆಲ್, ಅಂದರೆ ಸುಮಾರು 127 ಕಿಲೋ ಹೆಚ್ಚು ಕೊಟ್ಟವು. ನೀರು ಚೆನ್ನಾಗಿದ್ದಾಗ ನಷ್ಟವೂ ಆಗಲಿಲ್ಲ. ಗಮನಿಸಿ, ಎಥಿಲೀನನ್ನು ಅಳಿಸಿಲ್ಲ, ದನಿ ಸ್ವಲ್ಪ ಇಳಿಸಿದ್ದಾರೆ.

ಭತ್ತದಲ್ಲಿ ಇನ್ನೂ ಸೊಗಸು. ಆಳನೀರಿನ ಭತ್ತ ಮುಳುಗಿದಾಗ ಒಳಗೆ ಸಿಕ್ಕಿಹಾಕಿಕೊಂಡ ಎಥಿಲೀನ್ ಸ್ನಾರ್ಕೆಲ್ ಜೀನ್‌ಗಳನ್ನು ಎಬ್ಬಿಸಿ ಕಾಂಡವನ್ನು ದಿನಕ್ಕೆ 20 ಸೆಂಟಿಮೀಟರಿನಷ್ಟು ಮೇಲೆ ಓಡಿಸುತ್ತದೆ. ಒಡಿಶಾದ ಎಫ್‌ಆರ್13ಎ ತಳಿಯಲ್ಲಿ ಅದೇ ಎಥಿಲೀನ್ ಸಬ್1ಎ ಎಂಬ ಜೀನನ್ನು ಎಬ್ಬಿಸಿ ನೇರ ವಿರುದ್ಧ ಮಾತು ಹೇಳುತ್ತದೆ: ಬೆಳೆಯಬೇಡ, ಇದ್ದ ಸಕ್ಕರೆ ಉಳಿಸಿಕೊಂಡು ಸುಮ್ಮನಿರು. ಎರಡು ವಾರದ ಹತ್ತಿರ ಮುಳುಗಿದ್ದರೂ ನೀರು ಇಳಿದ ಮೇಲೆ ಅದು ಚಿಗುರುತ್ತದೆ. ಸುದ್ದಿ ಒಂದೇ, ಕೇಳಿದ ಗಿಡದ ನಿರ್ಧಾರ ಬೇರೆ.

ಅಂಚಿನ ಸಾಲಿನ ಗುಟ್ಟು 2021ರಲ್ಲಿ ಬಿಚ್ಚಿಕೊಂಡಿತು. ಗಟ್ಟಿ ಮಣ್ಣು ಬೇರನ್ನು ಬಲದಿಂದ ತಡೆಯುತ್ತದೆ ಎಂದೇ ಎಲ್ಲರೂ ತಿಳಿದಿದ್ದೆವು. ಆದರೆ ಎಥಿಲೀನ್ ಕೇಳಿಸದ ಭತ್ತದ ಬೇರುಗಳು ಅದೇ ಗಟ್ಟಿ ಮಣ್ಣಿನಲ್ಲಿ ಇಳಿದುಕೊಂಡು ಹೋದವು. ಸಡಿಲ ಮಣ್ಣಿನಲ್ಲಿ ಬೇರು ಬಿಟ್ಟ ಎಥಿಲೀನ್ ರಂಧ್ರಗಳಿಂದ ಆಚೆ ಹೋಗುತ್ತದೆ. ಒತ್ತಿದ ಮಣ್ಣಿನಲ್ಲಿ ದಾರಿ ಇಲ್ಲದೆ ಬೇರಿನ ಸುತ್ತಲೇ ಉಳಿಯುತ್ತದೆ, ಬೇರು ಉದ್ದ ನಿಲ್ಲಿಸಿ ದಪ್ಪವಾಗುತ್ತದೆ. ನಿಮ್ಮ ಅಂಚಿನ ಗಿಡ ಒಂದನ್ನು ಅಗೆದು ತೊಳೆದು ನೋಡಿ. ಬೇರಿನ ತುದಿ ಮೊಂಡಾಗಿ ಊದಿಕೊಂಡಿದ್ದರೆ ಅದಕ್ಕೆ ಬೇಕಾದ್ದು ಗೊಬ್ಬರ ಅಲ್ಲ, ಗಾಳಿ.

ಮೊದಲ ಗೊಂಚಲು

ಹನ್ನೆರಡು ದಿನ ಆಯ್ತು, ಹೇಗಿದೆ ಅಂತ ತಿಳಿಸೋಣ ಅಂತ ಬಂದೆ. ಯಾವ ಮದ್ದೂ ಹೊಡೀಲಿಲ್ಲ. ಮೊದಲ ಗೊಂಚಲು ಬಹುತೇಕ ಹೋಯ್ತು, ಎರಡನೇದು ಅರ್ಧ. ಹಳೇ ಎಲೆ ಹಾಗೇ ಬಾಗಿವೆ, ಹೊಸದಾಗಿ ಬಂದವು ನೆಟ್ಟಗಿವೆ. ಮೂರನೇ ಗೊಂಚಲಲ್ಲಿ ಹೂ ಬಂದಿದೆ, ಉದುರ್ತಿಲ್ಲ. ಕಾಲುವೆ ಪಕ್ಕದ ಹದಿನಾಲ್ಕು ಗಿಡ ಉಳಿಯಲಿಲ್ಲ.

ಒಂದು ವಿಚಿತ್ರ ಕಂಡೆ. ಬುಡದ ಹತ್ತಿರ ಕಾಂಡದ ಮೇಲೆ ಬಿಳೀ ಗುಳ್ಳೆ ತರ ಎದ್ದಿದ್ದು, ಈಗ ಕೆಲವು ಗಿಡದಲ್ಲಿ ಬೆರಳುಗುರಿನಷ್ಟು ಉದ್ದ ಬೆಳೆದಿವೆ. ಇದೇನಾದರೂ ರೋಗವಾ? ಕೆರೆದು ತೆಗೀಬೇಕಾ?

ಬೇರುನೋಟ

ಮುಟ್ಟಬೇಡಿ! ಅವು ಹೊಸ ಬೇರುಗಳು. ಉಸಿರುಗಟ್ಟಿದ ಹಳೆಯ ಬೇರಿನ ಬದಲಿಗೆ ಗಾಳಿ ಸಿಗುವ ಎತ್ತರದಲ್ಲಿ ಗಿಡ ಹೊಸದನ್ನು ಹುಟ್ಟಿಸಿಕೊಳ್ಳುತ್ತಿದೆ. ಹೂ ಉದುರಿಸಿದ ಎಥಿಲೀನೇ ಆಕ್ಸಿನ್ ಜೊತೆ ಸೇರಿ ಇದನ್ನೂ ಮಾಡಿಸಿದೆ. ಬಿಸಿಲಿಗೆ ಆ ತುದಿಗಳು ಒಣಗುವ ಮುಂಚೆ, ಇವತ್ತು ಸಂಜೆಯೇ, ಪುಡಿಮಣ್ಣು ಅಥವಾ ಕಳಿತ ಗೊಬ್ಬರವನ್ನು ಬುಡಕ್ಕೆ ನಾಲ್ಕು ಬೆರಳು ಎತ್ತರಕ್ಕೆ ಏರಿಸಿ. ಒತ್ತಬೇಡಿ, ಸಡಿಲವಾಗಿ ಇರಲಿ. ಮೇಲೆ ಸ್ವಲ್ಪ ಒಣಹುಲ್ಲು ಹರಡಿ, ಕೈಯಲ್ಲಿ ನೀರು ಚಿಮುಕಿಸಿದರೆ ಸಾಕು.

ಇನ್ನೊಂದು ವಾರ ಬಿಟ್ಟು ಒಂದು ಗಿಡದ ಬುಡ ಮೆಲ್ಲಗೆ ಕೆದಕಿ ನೋಡಿ, ಬೇರು ಎಷ್ಟು ಉದ್ದ ಇಳಿದಿದೆ ತಿಳಿಸಿ. ಕಾಯುತ್ತಿರುತ್ತೇನೆ.